ಮಾತನಾಡಿಸಿ ಬರುವುದೆಂದರೆ

ಹುಬ್ಬಳ್ಳಿ-ಧಾರವಾಡದ ಕಡೆಯ ಜನ ರೋಗಿಯನ್ನು ನೋಡಿ ಬರುತ್ತೇವೆ ಎನ್ನುವುದು ಕಡಿಮೆ. ಮಾತನಾಡಿಸಿಕೊಂಡು ಬರುತ್ತೇವೆ ಎನ್ನುವುದೇ ಹೆಚ್ಚು. ಈ ಒಂದು ಆಡುಮಾತಿನಲ್ಲಿ ಸಮಾಜದ ಬಹುಕಾಲದ ವಿವೇಕ ಅಡಗಿದೆ. ನೋಡುವವನ ಮುಂದಿರುವುದು ಬರಿಯ ನೋಟ. ಮಾತನಾಡಿಸುವವನ ಮುಂದಿರುವುದು ಮರುಮಾತು ಕೊಡಬಲ್ಲ ಮನುಷ್ಯ. ಹಾಸಿಗೆಯ ಮೇಲೆ ಮಲಗಿದವನು ಗಾಯವಲ್ಲ, ಗಾಯಗೊಂಡ ವ್ಯಕ್ತಿ ಎಂಬ ಅರಿವು ಆ ನುಡಿಯಲ್ಲಿದೆ. ಆದರೆ ಇತ್ತೀಚಿನ ದಿನಗಳಲ್ಲಿ 'ಮಾತನಾಡಿಸುವುದು' ಸಣ್ಣದಾಗಿ, 'ಬರುವುದು' ಮಾತ್ರ ದೊಡ್ಡದಾಗಿದೆ. ಹೋದದ್ದಾಯಿತು, ಬಂದದ್ದಾಯಿತು ಎಂಬಲ್ಲಿಗೆ ಸ್ನೇಹದ ಕರ್ತವ್ಯ ಮುಗಿದುಹೋಗುತ್ತಿದೆ. ಈ ವಿಷಯದಲ್ಲಿ ಶರಣ ಮಾರ್ಗವನ್ನು ನೆಚ್ಚಿದವರು ತಮ್ಮನ್ನು ತಾವೇ ಪ್ರಶ್ನಿಸಿಕೊಳ್ಳಬೇಕಾಗಿದೆ.

ಬೈರಿದೇವರಕೊಪ್ಪವು ಹುಬ್ಬಳ್ಳಿ ಮತ್ತು ಧಾರವಾಡಗಳ ನಡುವೆ, ಹಳೆಯ ಪುಣೆ-ಬೆಂಗಳೂರು ರಸ್ತೆಯ ಮೇಲೆಯೇ ಇರುವ ಊರು. ಒಂದು ಕಾಲದ ಹಳ್ಳಿ ಇಂದು ಮಹಾನಗರದೊಳಗೆ ಸೇರಿಹೋಗಿದ್ದರೂ ಓಣಿಯ ನಡಾವಳಿ ಪೂರ್ತಿ ಅಳಿದಿಲ್ಲ. ಯಾರಿಗಾದರೂ ದೊಡ್ಡ ಪೆಟ್ಟಾಯಿತೆಂಬ ಸುದ್ದಿ ಬಂದರೆ ಮನೆಮನೆಯಿಂದ ಜನ ಹೊರಡುತ್ತಾರೆ. ಜನ ಇಂದಿಗೂ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ಆಸ್ಪತ್ರೆ ಅದೇ ರಸ್ತೆಯ ಮೇಲೆ ವಿದ್ಯಾನಗರದಲ್ಲಿದೆ. 2018ರಲ್ಲಿ ಓಡತೊಡಗಿದ ಚಿಗರಿ ಬಸ್ಸು ಹತ್ತಿದರೆ ಹೋಗಿ ಬರುವುದು ಕಷ್ಟವಲ್ಲ. ಕೈಯಲ್ಲಿ ಎಳನೀರು, ಮೋಸಂಬಿ, ಬ್ರೆಡ್ಡಿನ ಪೊಟ್ಟಣ. ಮೊದಲ ವಾರ ಆಸ್ಪತ್ರೆಯ ಮೊಗಸಾಲೆಯಲ್ಲಿ ನಿಲ್ಲಲು ಜಾಗವಿರುವುದಿಲ್ಲ.

ರಸ್ತೆಯ ಪಕ್ಕದ ಊರಿಗೆ ಪೆಟ್ಟಿನ ಸುದ್ದಿ ಹೊಸದಲ್ಲ. ಎರಡೂ ನಗರಗಳನ್ನು ಬಳಸಿ ಹೋಗುವ ಬೈಪಾಸ್ ರಸ್ತೆ ಬಹುಕಾಲ ಇಕ್ಕಟ್ಟಾದ ದ್ವಿಪಥವಾಗಿಯೇ ಉಳಿದು ಅನೇಕ ಜೀವಗಳನ್ನು ಬಲಿ ತೆಗೆದುಕೊಂಡಿತು. 2021ರ ಜನವರಿ 15ರಂದು ಇಟಿಗಟ್ಟಿಯ ಬಳಿ ಟಿಪ್ಪರ್ ಮತ್ತು ಟೆಂಪೊ ಟ್ರಾವೆಲರ್ ಡಿಕ್ಕಿಯಾಗಿ ಹನ್ನೊಂದು ಜನ ಅಂದೇ ತೀರಿಕೊಂಡದ್ದನ್ನು ಈ ಭಾಗದವರು ಮರೆತಿಲ್ಲ. ದಾವಣಗೆರೆಯ ಬಾಲ್ಯದ ಗೆಳತಿಯರು ಜೊತೆಗೂಡಿ ಗೋವೆಗೆ ಹೊರಟಿದ್ದ ಪಯಣವದು. ಅಂಥ ದುರಂತದಲ್ಲಿ ಸತ್ತವರ ಸಂಖ್ಯೆ ಪತ್ರಿಕೆಯಲ್ಲಿ ದಪ್ಪ ಅಕ್ಷರದಲ್ಲಿ ಬರುತ್ತದೆ. ಗಾಯಗೊಂಡವರ ಸುದ್ದಿ ಕೊನೆಯ ಸಾಲಿನಲ್ಲಿ ಬಂದು ಮರುದಿನ ಮರೆಯಾಗುತ್ತದೆ.

ಗಾಯಗೊಂಡವನನ್ನು ಕಾಪಾಡುವ ಹೊಣೆಯನ್ನು ನಾಡು ಗಂಭೀರವಾಗಿ ಪರಿಗಣಿಸಿಲ್ಲವೆಂದೇನೂ ಅಲ್ಲ. 2016ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಲುಕಿ ದೇಹ ಇಬ್ಭಾಗವಾದ ತರುಣ ಹರೀಶ್, ಸಾಯುವ ಮುನ್ನ ತನ್ನ ಅಂಗಗಳನ್ನು ದಾನ ಮಾಡಿರೆಂದು ಬೇಡಿಕೊಂಡರು. ಅದರ ಬೆನ್ನಲ್ಲೇ, ಅದೇ ವರ್ಷದ ಮಾರ್ಚ್‌ನಲ್ಲಿ, ಅವರ ಹೆಸರಿನಲ್ಲಿಯೇ ಮುಖ್ಯಮಂತ್ರಿಗಳ ಸಾಂತ್ವನ ಹರೀಶ್ ಯೋಜನೆಯನ್ನು ರಾಜ್ಯ ಸರ್ಕಾರ ಜಾರಿಗೊಳಿಸಿತು. ಅಪಘಾತವಾದ ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿಗಳವರೆಗೆ ನೆರವು ಎಂಬುದು ಅದರ ತಿರುಳಾಗಿತ್ತು. ಗಾಯಾಳುವಿಗೆ ನೆರವಾದ ದಾರಿಹೋಕನಿಗೆ ಕಿರುಕುಳವಾಗದಂತೆ ರಕ್ಷಿಸುವ ಕಾನೂನನ್ನೂ ಕರ್ನಾಟಕ ರೂಪಿಸಿತು. ಇವೆಲ್ಲ ಸ್ತುತ್ಯರ್ಹ. ಆದರೆ 48 ಗಂಟೆಗಳಿಗೆ ಯೋಜನೆ ಇರಬಲ್ಲದು. ಆನಂತರದ 48 ತಿಂಗಳುಗಳಿಗೆ ಯಾರಿದ್ದಾರೆ?

ಬೆನ್ನುಹುರಿಗೆ ಪೆಟ್ಟಾದವನು, ತಲೆಗೆ ಪೆಟ್ಟು ಬಿದ್ದು ಅರೆಪ್ರಜ್ಞೆಯಲ್ಲಿ ಉಳಿದವನು ವಾರದಲ್ಲಿ ಎದ್ದು ಬರುವುದಿಲ್ಲ. ಶಸ್ತ್ರಚಿಕಿತ್ಸೆ ಮುಗಿದ ಮೇಲೆ ದೊಡ್ಡ ಆಸ್ಪತ್ರೆ ಅವನನ್ನು ಬಿಡುಗಡೆ ಮಾಡುತ್ತದೆ. ಮನೆಯಲ್ಲಿ ಎತ್ತಿ ಇಳಿಸುವ ಕೈಗಳಿಲ್ಲದಿದ್ದರೆ ಅವನು ಆರೈಕೆ ಕೇಂದ್ರವೊಂದನ್ನು ಸೇರುತ್ತಾನೆ. ಭೇಟಿಗಳು ಕ್ಷೀಣಿಸುವುದು ಇಲ್ಲಿಂದಲೇ. ಮೊದಲ ತಿಂಗಳು ಹತ್ತು ಜನ ಗೆಳೆಯರು, ಮೂರನೆಯ ತಿಂಗಳು ಇಬ್ಬರು, ವರ್ಷ ತುಂಬುವ ಹೊತ್ತಿಗೆ ಹಬ್ಬಕ್ಕೊಂದು ಫೋನು. ಇದನ್ನು ಕೇವಲ ಕಲ್ಲುಮನಸ್ಸು ಎಂದು ಜರಿಯುವುದು ನ್ಯಾಯವಲ್ಲ. ಬಹುಪಾಲು ಗೆಳೆಯರು ದೂರ ಸರಿಯುವುದು ಪ್ರೀತಿ ಆರಿದ್ದರಿಂದಲ್ಲ. ಏನು ಮಾತನಾಡಬೇಕೆಂದು ತಿಳಿಯದೆ. ಜೊತೆಯಲ್ಲಿ ಗಾಡಿ ಓಡಿಸಿದವನು, ಉಣಕಲ್ ಕೆರೆಯ ದಂಡೆಯಲ್ಲಿ ಸಂಜೆ ಕಳೆದವನು ಈಗ ಮಗ್ಗುಲು ಬದಲಿಸಲೂ ಇನ್ನೊಬ್ಬರನ್ನು ಕಾಯುವುದನ್ನು ಕಂಡಾಗ ನಾಲಿಗೆ ಕಟ್ಟಿಹೋಗುತ್ತದೆ. ತನ್ನ ಕಾಲುಗಳು ಗಟ್ಟಿಯಾಗಿರುವುದೇ ಅಪರಾಧವೆನಿಸುತ್ತದೆ. ಆ ಸಂಕೋಚ ತಾಳಲಾರದೆ ಗೆಳೆಯ ಬಾಗಿಲಿನಿಂದ ದೂರವಾಗುತ್ತಾನೆ.

ಶರಣರ ಕಥನ ಪರಂಪರೆಯಲ್ಲಿ ಈ ಸಂದರ್ಭಕ್ಕೆ ಸಮೀಪವಾದ ಪ್ರಸಂಗವೊಂದಿದೆ. ಬಿದಿರಿನ ಬುಟ್ಟಿ, ಮೊರಗಳನ್ನು ಹೆಣೆಯುವುದು ಮೇದಾರ ಕೇತಯ್ಯನವರ ಕಾಯಕ. ಗವರೇಶ್ವರ ಎಂಬುದು ಅವರ ವಚನಗಳ ಅಂಕಿತ. ಬಿದಿರು ತರಲು ಹೋದಾಗ ಬಿದಿರೇ ಎದೆಗೆ ನಾಟಿ ಅವರು ಪ್ರಾಣ ಬಿಟ್ಟರೆಂದೂ, ಆ ಸುದ್ದಿ ಕೇಳಿದ ಬಸವಣ್ಣನವರ ಪ್ರಾಣವೂ ಅವರನ್ನು ಹಿಂಬಾಲಿಸಿತೆಂದೂ, ಮಡಿವಾಳ ಮಾಚಿದೇವರು ಬಂದು ಇಬ್ಬರನ್ನೂ ಎಬ್ಬಿಸಿದರೆಂದೂ ಪುರಾಣಕಾರರು ಬಣ್ಣಿಸುತ್ತಾರೆ. ಇದನ್ನು ಪವಾಡವೆಂದು ಓದಿ ಕೈಮುಗಿದು ಮುಂದೆ ಹೋಗುವುದು ಸುಲಭ. ಅದರ ಒಳಗಿರುವ ಮಾತು ಬೇರೆ. ರಾಜ್ಯದ ದಂಡನಾಯಕನಿಗೂ ಬುಟ್ಟಿ ಹೆಣೆಯುವವನಿಗೂ ಪ್ರಾಣ ಒಂದೇ ಎಂಬ ಗೆಳೆತನ ಅಲ್ಲಿದೆ. ಇಬ್ಬರನ್ನು ಎಬ್ಬಿಸಿದವನು ಬಟ್ಟೆ ಒಗೆಯುವ ಕಾಯಕದವನು ಎಂಬುದೂ ಗಮನಾರ್ಹ. ಒಬ್ಬನ ಗಾಯ ಇನ್ನೊಬ್ಬನನ್ನೂ ಕೆಡವುತ್ತದೆ. ಇಬ್ಬರೂ ಏಳಲು ಮೂರನೆಯ ಕೈಯೊಂದು ಬೇಕಾಗುತ್ತದೆ. ಆರೈಕೆ ಕೇಂದ್ರದ ಹಾಸಿಗೆಯ ಬಳಿ ನಿದ್ದೆಗೆಟ್ಟು ಕುಳಿತ ತಾಯಿಯನ್ನೋ ಹೆಂಡತಿಯನ್ನೋ ಕಂಡವರಿಗೆ ಈ ಮಾತು ಪುರಾಣವೆನಿಸುವುದಿಲ್ಲ.

ಪುರಾಣದ ಮಾತು ಹಾಗಿರಲಿ. ನಮ್ಮ ಕಾಲದಲ್ಲಿಯೇ, ಕನ್ನಡ ನಾಡಿನ ಮಗಳೊಬ್ಬಳ ಹಾಸಿಗೆಯ ಬಳಿ ಈ ಪ್ರಶ್ನೆ ದೇಶದ ಅತ್ಯುನ್ನತ ನ್ಯಾಯಾಲಯದವರೆಗೆ ಹೋಯಿತು. ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ ತಾಲ್ಲೂಕಿನ ಹಳದೀಪುರದಲ್ಲಿ 1948ರಲ್ಲಿ ಹುಟ್ಟಿದ ಅರುಣಾ ರಾಮಚಂದ್ರ ಶಾನಭಾಗ ಶುಶ್ರೂಷಕಿಯಾಗಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯನ್ನು ಸೇರಿದ್ದರು. ಮದುವೆ ನಿಶ್ಚಯವಾಗಿತ್ತು. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ಕೆಲಸಗಾರನೊಬ್ಬ ನಾಯಿಯ ಸರಪಳಿಯಿಂದ ಅವರ ಕೊರಳನ್ನು ಬಿಗಿದು ಅತ್ಯಾಚಾರವೆಸಗಿದ. ಮಿದುಳಿಗೆ ಆಮ್ಲಜನಕ ತಲುಪದೆ ಅವರ ದೃಷ್ಟಿ, ಮಾತು, ಚಲನೆಗಳೆಲ್ಲ ಹೋದವು. ಆಗ ಅವರಿಗೆ 25 ವರ್ಷ. ಆ ದಿನದಿಂದ 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಳ್ಳುವವರೆಗೆ, 41 ವರ್ಷಗಳಿಗೂ ಮೀರಿ, ಅವರು ಅದೇ ಆಸ್ಪತ್ರೆಯ ಹಾಸಿಗೆಯ ಮೇಲಿದ್ದರು.

ಅಷ್ಟು ವರ್ಷ ಅವರನ್ನು ನೋಡಿಕೊಂಡವರು ಆಸ್ಪತ್ರೆಯ ಶುಶ್ರೂಷಕಿಯರು. ಜೊತೆಯಲ್ಲಿ ಕೆಲಸ ಮಾಡಿದ ಗೆಳತಿಯರು ನಿವೃತ್ತರಾದರು. ಅವರ ಜಾಗಕ್ಕೆ ಬಂದವರು ಅರುಣಾ ನಡೆದಾಡಿದ್ದನ್ನು ಕಂಡವರೇ ಅಲ್ಲ. ಆದರೂ ಆರೈಕೆ ಕೈಯಿಂದ ಕೈಗೆ ದಾಟಿತು. 1980ರ ದಶಕದಲ್ಲಿ ಅವರನ್ನು ಬೇರೆಡೆಗೆ ಸಾಗಿಸಿ ಹಾಸಿಗೆ ತೆರವು ಮಾಡುವ ಯತ್ನ ನಡೆದಾಗ ಶುಶ್ರೂಷಕಿಯರು ಪ್ರತಿಭಟಿಸಿ ತಡೆದರು. ಪ್ರತಿ ವರ್ಷ ಅವರ ಹುಟ್ಟುಹಬ್ಬವನ್ನು ಆಚರಿಸಿದರು. ದಶಕಗಳ ಕಾಲ ಮಲಗಿದಲ್ಲೇ ಇದ್ದ ಆ ದೇಹದಲ್ಲಿ ಹಾಸಿಗೆ ಹುಣ್ಣು ಇರಲಿಲ್ಲವೆಂಬುದು ನ್ಯಾಯಾಲಯದ ಗಮನಕ್ಕೂ ಬಂತು. ಹಾಸಿಗೆ ಹುಣ್ಣಿಲ್ಲ ಎಂಬ ಎರಡು ಪದಗಳ ಹಿಂದೆ ಎಷ್ಟು ಸಾವಿರ ಸಲ ಮಗ್ಗುಲು ಬದಲಿಸಿದ, ಒರೆಸಿದ, ಒಣಗಿಸಿದ ಕೈಗಳಿವೆ ಎಂಬುದನ್ನು ಆರೈಕೆ ಮಾಡಿದವರೇ ಬಲ್ಲರು. ಲಿಂಗಪೂಜೆಯ ನಿಷ್ಠೆಗೆ ಹೋಲಿಸಬಹುದಾದ ನಿಷ್ಠೆಯದು.

ಅರುಣಾ ಅವರನ್ನು ಕಂಡು, ಅವರ ಬದುಕನ್ನು ಕುರಿತು 1998ರಲ್ಲಿ ಪುಸ್ತಕ ಬರೆದ ಪತ್ರಕರ್ತೆ ಪಿಂಕಿ ವಿರಾನಿ, ಈ ಸ್ಥಿತಿಯಿಂದ ಆಕೆಗೆ ಬಿಡುಗಡೆ ಸಿಗಲೆಂದು ಸುಪ್ರೀಂ ಕೋರ್ಟಿನ ಮೊರೆ ಹೋದರು. ಸ್ವತಃ ಮಾತನಾಡಲಾರದವರ ಪರವಾಗಿ ನ್ಯಾಯಾಲಯದಲ್ಲಿ ನಿಲ್ಲುವವರನ್ನು ಕಾನೂನು ವಾದಮಿತ್ರ ಎನ್ನುತ್ತದೆ. 2011ರ ಮಾರ್ಚ್ 7ರ ತೀರ್ಪಿನಲ್ಲಿ ನ್ಯಾಯಮೂರ್ತಿ ಮಾರ್ಕಂಡೇಯ ಕಾಟ್ಜು ಮತ್ತು ನ್ಯಾಯಮೂರ್ತಿ ಜ್ಞಾನಸುಧಾ ಮಿಶ್ರಾ ಅವರು ಎದುರಿಸಿದ ಪ್ರಶ್ನೆಗಳಲ್ಲಿ ಒಂದು ಇದೇ: ಈಕೆಯ ಮಿತ್ರರು ಯಾರು? ವಿರಾನಿಯವರ ಕಾಳಜಿಯನ್ನು ನ್ಯಾಯಾಲಯ ಮನಸಾರೆ ಮೆಚ್ಚಿತು. ಆದರೆ ಹಗಲಿರುಳು ಆರೈಕೆ ಮಾಡಿದ ಆಸ್ಪತ್ರೆಯ ಸಿಬ್ಬಂದಿಯೇ ಆಕೆಯ ನಿಜವಾದ ಮಿತ್ರರೆಂದು ತೀರ್ಮಾನಿಸಿತು. ಅವರು ಆಕೆ ಬದುಕಿರಲೆಂದು ಬಯಸಿದ್ದರಿಂದ ಅರ್ಜಿಯನ್ನು ತಳ್ಳಿಹಾಕಿತು. ಮಿತ್ರತ್ವವನ್ನು ಭಾವನೆಯಿಂದಲ್ಲ, ಕೈಗಳ ಕೆಲಸದಿಂದ ಅಳೆದ ತೀರ್ಪಿದು. ಮಾತಿಗಿಂತ ನಡೆ ದೊಡ್ಡದೆಂದ ಶರಣರಿಗೆ ಇದು ಅಪರಿಚಿತವಾದ ಅಳತೆಯಲ್ಲ.

ಇಲ್ಲಿ ಒಂದು ಆಕ್ಷೇಪಕ್ಕೆ ಎಡೆಯಿದೆ; ಅದನ್ನು ಮುಚ್ಚಿಡಬಾರದು. ಅರಿವಿಲ್ಲದ ದೇಹವನ್ನು ನಾಲ್ಕು ದಶಕ ಉಳಿಸಿದ್ದು ಕರುಣೆಯೇ, ಅಥವಾ ಉಳಿಸಿದವರ ಹಟವೇ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆ ಕ್ರೂರವಲ್ಲ. ಅದೇ ತೀರ್ಪು, ಕಟ್ಟುನಿಟ್ಟಿನ ನಿಬಂಧನೆಗಳಿಗೆ ಒಳಪಟ್ಟು, ಜೀವವನ್ನು ಕೃತಕವಾಗಿ ಹಿಡಿದಿಟ್ಟಿರುವ ಚಿಕಿತ್ಸೆಯನ್ನು ಹಿಂತೆಗೆಯಲು ಮೊದಲ ಬಾರಿಗೆ ದಾರಿ ಮಾಡಿಕೊಟ್ಟಿತು. 2018ರ ಮಾರ್ಚ್ 9ರ ಇನ್ನೊಂದು ತೀರ್ಪು ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗವೆಂದು ಒಪ್ಪಿ, ಮುಂಚಿತವಾಗಿಯೇ ತನ್ನ ಇಚ್ಛೆಯನ್ನು ಬರೆದಿಡಲು ಅವಕಾಶ ನೀಡಿತು. 2025ರ ಜನವರಿಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ ಅದನ್ನು ಜಾರಿಗೆ ತರುವ ಸುತ್ತೋಲೆಯನ್ನು ಹೊರಡಿಸಿತು. ವಿರಾನಿಯವರು ಆ ಹಾಸಿಗೆಯ ಬಳಿಗೆ ಹೋಗದಿದ್ದರೆ ಈ ಯಾವ ಚರ್ಚೆಯೂ ಇಷ್ಟು ಬೇಗ ಹುಟ್ಟುತ್ತಿರಲಿಲ್ಲ. ಆದ್ದರಿಂದ ಅವರ ಭೇಟಿಯೂ ವ್ಯರ್ಥವಲ್ಲ, ಸ್ನೇಹವೂ ಸುಳ್ಳಲ್ಲ. ಆದರೆ ಇನ್ನೊಬ್ಬರ ಬದುಕನ್ನು ಕುರಿತು ತೀರ್ಮಾನ ಹೇಳುವ ಅಧಿಕಾರ ಬರಿಯ ಮರುಕದಿಂದ ಬರುವುದಿಲ್ಲ. ಹತ್ತಿರ ಕುಳಿತು ಕಳೆದ ಹೊತ್ತಿನಿಂದ ಬರುತ್ತದೆ. ಗೆಳೆಯನು ಏನನ್ನು ಬಯಸುತ್ತಾನೆಂದು ಹೇಳಬೇಕಾದವನು ಗೆಳೆಯನ ಜೊತೆಗೆ ಇದ್ದಿರಬೇಕು.

ಅರುಣಾ ಅವರ ಸ್ಥಿತಿ ಅತಿ ಅಪರೂಪದ್ದು. ಆರೈಕೆ ಕೇಂದ್ರಗಳಲ್ಲಿ ಇರುವ ಗಾಯಾಳುಗಳಲ್ಲಿ ಅನೇಕರಿಗೆ ಪೂರ್ಣ ಎಚ್ಚರವಿದೆ. ಬೈರಿದೇವರಕೊಪ್ಪದ ಒಂದೇ ಓಣಿಯಲ್ಲಿ ಬೆಳೆದ ಇಬ್ಬರು ಗೆಳೆಯರನ್ನು ಕಲ್ಪಿಸಿಕೊಳ್ಳಬಹುದು. ಒಬ್ಬನ ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ಪರ್ಶವಿಲ್ಲ. ಇನ್ನೊಬ್ಬ ಹಣ್ಣಿನ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಾನೆ. ಅವನು ಏನು ಮಾಡಬೇಕು?

ಮೊದಲನೆಯದು, ಕುಳಿತುಕೊಳ್ಳಬೇಕು. ನಿಂತುಕೊಂಡೇ ಮಾತನಾಡುವವನು ಹೊರಡುವ ಆತುರದಲ್ಲಿದ್ದಾನೆಂದು ಮಲಗಿದವನಿಗೆ ತಿಳಿಯುತ್ತದೆ. ಎರಡನೆಯದು, ಗಾಯದ ವಿಚಾರಣೆಗಿಂತ ಊರಿನ ಸುದ್ದಿ ಮೊದಲು ಬರಬೇಕು. "ಈ ಸಲ ಕಡ್ಲಿ ಹೆಂಗ ಬಂದಾವ ಅಂತ ಕೇಳವಲ್ಲಿ ಅಲ್ಲೋ ದೋಸ್ತ" ಎಂಬ ಒಂದು ಮಾತು, ಹಲವು ಸಾಂತ್ವನಗಳು ಮಾಡಲಾರದ್ದನ್ನು ಮಾಡುತ್ತದೆ. ಅವನು ಇನ್ನೂ ಊರಿನ ಲೆಕ್ಕದಲ್ಲಿದ್ದಾನೆ ಎಂದು ಅದು ತಿಳಿಸುತ್ತದೆ. ಗಾಯಾಳು ಸಿಟ್ಟಿಗೆದ್ದರೆ, ಅತ್ತರೆ, ಮಾತೇ ಬೇಡವೆಂದು ಗೋಡೆಯತ್ತ ಮುಖ ತಿರುಗಿಸಿದರೆ ಅದೂ ಒಂದು ಮರುಮಾತೆಂದು ಸ್ವೀಕರಿಸಿ ಸುಮ್ಮನೆ ಕುಳಿತಿರಬೇಕು.

ಮೂರನೆಯದು, ತನ್ನ ಪಾಲಿನ ಒಂದು ಕೆಲಸವನ್ನು ಗೊತ್ತುಮಾಡಿಕೊಳ್ಳಬೇಕು. ಸ್ಪರ್ಶವಿಲ್ಲದ ದೇಹದಲ್ಲಿ ಎಲುಬು ಒತ್ತಿದ ಕಡೆ ರಕ್ತ ಹರಿಯದೆ ಹುಣ್ಣಾಗುತ್ತದೆ. ನೋವು ತಿಳಿಯದ್ದರಿಂದ ಹುಣ್ಣು ಆಳವಾಗುವವರೆಗೆ ಗಮನಕ್ಕೇ ಬರುವುದಿಲ್ಲ. ಆದ್ದರಿಂದಲೇ ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆನ್ನುತ್ತಾರೆ. ದಾದಿಯಿಂದ ಕ್ರಮ ಕೇಳಿ ತಿಳಿದುಕೊಂಡು ಕೈಜೋಡಿಸಿದ ಗೆಳೆಯ ಆ ದಿನದ ಮಟ್ಟಿಗೆ ನಿಜವಾದ ವೈದ್ಯ. ತಾಯಿಯನ್ನು ಮನೆಗೆ ಕಳುಹಿಸಿ ಮೂರು ಗಂಟೆ ತಾನು ಕುಳಿತರೆ ಆಕೆ ಸ್ನಾನ ಮಾಡಿ, ಬಿಸಿ ರೊಟ್ಟಿ ತಿಂದು, ಒಂದು ಕಣ್ಣು ನಿದ್ದೆ ತೆಗೆದು ಬರಬಲ್ಲಳು. ಅಂಗವಿಕಲತೆಯ ಗುರುತಿನ ಚೀಟಿಗೆ, ಅಪಘಾತ ಪರಿಹಾರದ ಅರ್ಜಿಗೆ ಕಚೇರಿಗಳನ್ನು ಅಲೆಯುವ ಕೆಲಸವಿದೆ. ಮನೆಯವರಿಗೆ ಅದಕ್ಕೆ ಬಿಡುವೂ ಇಲ್ಲ, ತ್ರಾಣವೂ ಇಲ್ಲ. ಕಡತ ಹಿಡಿದು ಅಲೆದಾಡುವವನೂ ಆರೈಕೆಯನ್ನೇ ಮಾಡುತ್ತಿದ್ದಾನೆ.

ಮಾಡಬಾರದ್ದೂ ಇದೆ. ಕೇಳದೆ ಬಾಯಿಗೆ ಎಳನೀರು ಹನಿಸಬಾರದು. ತಲೆಗೆ ಪೆಟ್ಟಾದವರಿಗೆ ನುಂಗುವ ಶಕ್ತಿ ಕುಂದಿರಬಹುದು. ಪ್ರೀತಿಯಿಂದ ಕೊಟ್ಟ ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾಕ್ಕೆ ದಾರಿಯಾಗಬಲ್ಲದು. ಗುಂಪುಗುಂಪಾಗಿ ಕೋಣೆಗೆ ನುಗ್ಗಬಾರದು. ಪ್ರಜ್ಞೆಯಿಲ್ಲವೆಂದು ಹೇಳಲಾದ ಅರುಣಾ ಅವರೂ ಸುತ್ತ ಜನ ಹೆಚ್ಚಾದಾಗ ಕಳವಳಗೊಂಡು ಕೂಗುತ್ತಿದ್ದರೆಂದು ನೋಡಿಕೊಂಡವರು ಹೇಳಿದ್ದಾರೆ. ಮೊಬೈಲಿನಲ್ಲಿ ಚಿತ್ರ ತೆಗೆದು ಊರಿಗೆಲ್ಲ ಹಂಚುವುದಂತೂ ಗಾಯದ ಮೇಲಿನ ಬಟ್ಟೆ ಎಳೆದಂತೆ.

ಎಲ್ಲಕ್ಕಿಂತ ಮಿಗಿಲಾಗಿ, 'ಏನು ಕರ್ಮವೋ' ಎಂಬ ಮಾತನ್ನು ಹಾಸಿಗೆಯ ಬಳಿ ಆಡಬಾರದು. ಸಮಾಧಾನವೆಂದುಕೊಂಡೇ ಹಿರಿಯರು ಆ ಮಾತನ್ನು ಆಡುತ್ತಾರೆ. ಕೇಳಿದವನಿಗೆ ಅದು ತೀರ್ಪಾಗಿ ಕೇಳಿಸುತ್ತದೆ. ಮುರಿದ ಬೆನ್ನಿನ ಮೇಲೆ ಹಿಂದಿನ ಜನ್ಮದ ಅಪರಾಧವನ್ನೂ ಹೊರಿಸಿದಂತಾಗುತ್ತದೆ. ಅಪಘಾತಕ್ಕೆ ಕಾರಣ ಇಕ್ಕಟ್ಟಾದ ರಸ್ತೆಯಾಗಿರಬಹುದು, ನಿದ್ದೆಗಣ್ಣಿನ ಚಾಲಕನಾಗಿರಬಹುದು, ಧರಿಸದ ಹೆಲ್ಮೆಟ್ಟಾಗಿರಬಹುದು. ಹುಟ್ಟಿನಿಂದ ಬಂದ ಕೀಳರಿಮೆಯನ್ನು ಒಪ್ಪದ ಶರಣರ ವಾರಸುದಾರರು ಗಾಯಗೊಂಡವನಿಗೆ ಹೊಸದೊಂದು ಕೀಳರಿಮೆಯನ್ನು ಕೊಡಬಾರದು. ದೇಹವನ್ನೇ ದೇಗುಲವೆಂದು ಕಂಡ ದೃಷ್ಟಿ ಅವರದು. ಕಂಬ ಮುರಿದರೆ ಗುಡಿ ಗುಡಿಯಾಗಿ ಉಳಿಯುವುದಿಲ್ಲವೇ? ಒಳಗಿನ ದೀಪ ಉರಿಯುವವರೆಗೆ ಅದು ಗುಡಿಯೇ. ದೀಪ ಕಾಣದಿದ್ದಾಗಲೂ ಕಸ ಗುಡಿಸುವವರು ಇರುವವರೆಗೆ ಅದು ಗುಡಿಯೇ. ಹಳದೀಪುರದ ಅರುಣಾ ಅವರ ಹಾಸಿಗೆಯ ಬಳಿ 41 ವರ್ಷ ನಡೆದದ್ದು ಇದೇ.

ದಾಸೋಹವೆಂದರೆ ಉಳ್ಳವನು ಇಲ್ಲದವನಿಗೆ ನೀಡುವುದೆಂಬ ತಿಳಿವಳಿಕೆ ಅರ್ಧ ಸತ್ಯ. ನೀಡುವವನಲ್ಲಿ ನೀಡಿದೆನೆಂಬ ಬೀಗು ಉಳಿದರೆ ಅದು ದಾನವಾಗುತ್ತದೆ, ದಾಸೋಹವಾಗುವುದಿಲ್ಲ. ಮಲಗಿದ ಗೆಳೆಯನೂ ಕೊಡಬಲ್ಲವನು. ಕುಳಿತವನ ಮನೆಯ ಕಷ್ಟವನ್ನು ಅವನು ಕೇಳಿಸಿಕೊಳ್ಳಬಲ್ಲ, ಮಗಳ ಲೆಕ್ಕದ ಪಾಠ ಬಿಡಿಸಬಲ್ಲ, ತಪ್ಪು ಮಾಡಿದರೆ ಬೈಯಬಲ್ಲ. ಅವನಿಂದ ಏನನ್ನೂ ಕೇಳದಿರುವುದು ಸೌಜನ್ಯವಲ್ಲ; ಅವನ ಕಾಯಕವನ್ನು ಕಸಿದುಕೊಂಡಂತೆ. ಮಾತನಾಡಿಸುವುದೆಂದರೆ ಅವನಿಗೂ ಮಾತಿನ ಪಾಲು ಕೊಡುವುದು.

ಪ್ರತಿ ಅಮಾವಾಸ್ಯೆಗೆ, ಪ್ರತಿ ಸೋಮವಾರಕ್ಕೆ ನೇಮ ಹಿಡಿಯುವ ಭಕ್ತರು ಈ ಭಾಗದಲ್ಲಿ ಸಾವಿರಾರು. ದಾಸೋಹದ ಅಡುಗೆಗೆ ಸರದಿ ಹಾಕಿಕೊಂಡು ನಡೆಸುವುದು ಅವರಿಗೆ ಹೊಸದಲ್ಲ. ಅದೇ ಸರದಿಯನ್ನು ಓಣಿಯ ಒಬ್ಬ ಗಾಯಾಳುವಿಗೆ ಹಾಕಿಕೊಂಡರೆ ಸಾಕು. ಐದು ಜನ ಗೆಳೆಯರಿದ್ದರೆ ವಾರಕ್ಕೊಬ್ಬರಂತೆ ಒಬ್ಬೊಬ್ಬರಿಗೆ ತಿಂಗಳಿಗೆ ಒಂದು ದಿನವೂ ತುಂಬಿ ಬರುವುದಿಲ್ಲ. ಅಪಘಾತವಾದ ವಾರ ಎಲ್ಲರೂ ಒಮ್ಮೆಗೇ ಓಡುವುದಕ್ಕಿಂತ, ಏಳನೆಯ ತಿಂಗಳಿನ ಒಂದು ಬುಧವಾರ, ಸುದ್ದಿ ಹಳಸಿದ ಮೇಲೆ, ಒಬ್ಬನೇ ಹೋಗಿ ಕುಳಿತುಕೊಳ್ಳುವುದು ದೊಡ್ಡದು. ಹೊರಡುವಾಗ ಮುಂದಿನ ದಿನವನ್ನು ಹೇಳಿ ಬರಬೇಕು. ಹೇಳಿದ ದಿನ ತಪ್ಪದೆ ಹೋಗಬೇಕು. ಮಲಗಿದವನಿಗೆ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಲು ಒಂದು ದಿನ ಬೇಕು.

ಬೈರಿದೇವರಕೊಪ್ಪದಿಂದ ಆಸ್ಪತ್ರೆಗೂ ಆರೈಕೆ ಕೇಂದ್ರಕ್ಕೂ ದಾರಿ ದೂರವಿಲ್ಲ. ಎದ್ದು ಬರಲಾರದೆ ಒಂದೆಡೆ ನೆಲೆನಿಂತವನ ಬಳಿಗೆ ನಡೆದು ಹೋಗುವವನೇ ಆ ಹೊತ್ತಿನ ಜಂಗಮ. ಮಾತನಾಡಿಸಿಕೊಂಡು ಬರುತ್ತೇನೆಂದು ಹೊರಟವನು ನಿಜವಾಗಿ ಮಾತನಾಡಿಸಿಯೇ ಬರಲಿ. ಬಂದವನು ಮತ್ತೆ ಹೋಗಲಿ.